ಹಲ್ಲಿನಿಂದ ಕೇಳುತ್ತಿದ್ದ ಖಾಸಿಂಸಾಬರು

ಖಾಸಿಂಸಾಬರು ಕಾರಿನ ರೋಗವನ್ನು ಹಲ್ಲಿನಿಂದ ಕೇಳುತ್ತಿದ್ದರು. ಅವರ ಹತ್ತಿರ ಮೊಳದುದ್ದದ ಒಂದು ಉಕ್ಕಿನ ಸರಳಿತ್ತು. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಇಡಲು ಹೇಳಿ, ಸರಳಿನ ಒಂದು ತುದಿಯನ್ನು ಕೊರಳಿಗೆ ಸುತ್ತಿದ ದಸ್ತಿ ಬಟ್ಟೆಯಿಂದ ಒರೆಸಿ ಮುಂದಿನ ಹಲ್ಲುಗಳಲ್ಲಿ ಗಟ್ಟಿಯಾಗಿ ಕಚ್ಚುತ್ತಿದ್ದರು. ಇನ್ನೊಂದು ತುದಿಯನ್ನು ಎಂಜಿನ್ನಿನ ಮೈಮೇಲೆ ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಊರಿ, ಕಣ್ಣು ಮುಚ್ಚಿಕೊಂಡು ನಿಲ್ಲುವರು. ಬಿಳಿ ಗಡ್ಡ ಸಣ್ಣಗೆ ನಡುಗುತ್ತಿತ್ತು. ಮೊದಲ ಸಲ ನೋಡಿದಾಗ, ಇವರೇನು ನನ್ನ ಕಾರನ್ನು ತಿನ್ನಲು ಹೊರಟಿದ್ದಾರೆಯೇ ಎಂದು ನಗು ಬಂದಿತ್ತು.

ಪಾಪ, ಅವರ ಕಿವಿ ಹೋಗಿ ಬಹಳ ವರ್ಷವಾಗಿತ್ತು. ಮಸರಕಲ್ಲು ಎಂಬ ಹಳ್ಳಿಯವರು, ಇಪ್ಪತ್ತರ ವಯಸ್ಸಿಗೆ ಬೋರ್‌ವೆಲ್ ಲಾರಿ ಹತ್ತಿದರು. ಹದಿನೆಂಟು ವರ್ಷ ಅದರ ಕಂಪ್ರೆಸರಿನ ಗದ್ದಲದ ಪಕ್ಕದಲ್ಲೇ ಉಂಡು ಮಲಗಿ, ಊರೂರಿಗೆ ನೀರು ತೆಗೆದುಕೊಟ್ಟು, ತಾವು ಕಿವುಡಾಗಿ ಮಾನ್ವಿಗೆ ಬಂದು ತಗಡಿನ ನೆರಳಲ್ಲಿ ಗ್ಯಾರೇಜು ಹಾಕಿದರು. ಎದುರಿಗೆ ನಿಂತು, ತುಟಿ ಕಾಣುವಂತೆ, ಜೋರಾಗಿ ಮಾತಾಡಿದರೆ ಅವರಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ನಿಂತು ಹೇಳಿದರೆ ಗೋಡೆಗೆ ಹೇಳಿದಂತೆ. ಆದರೆ ಕಿವಿಗೆ ಸಿಗದ ಎಂಜಿನ್ನಿನ ಸಪ್ಪಳ ಸರಳಿನಿಂದ ಹಲ್ಲಿಗೆ, ಹಲ್ಲಿನಿಂದ ಎಲುಬಿಗೆ ಇಳಿದು ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಪೋತ್ನಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸದ್ದು ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಚೆನ್ನಾಗಿ ಹರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅದನ್ನು ಕಣ್ಣಾರೆ ನೋಡಿದ್ದು ಮಾತ್ರ ಅವರ ಗ್ಯಾರೇಜಿನಲ್ಲಿ. ಊರಿನವರು ಅವರನ್ನು ‘ಹಲ್ಲಿನ ಖಾಸಿಂ’ ಎಂದೇ ಕರೆಯುತ್ತಿದ್ದರು.

ನಾನು ಅವರಲ್ಲಿಗೆ ಹೋಗಿ ಬೀಳುವ ಹೊತ್ತಿಗೆ ಗ್ಯಾರೇಜಿನವರ ಮೇಲೆ ನಂಬಿಕೆಯೇ ಹೋಗಿತ್ತು. ಅದಕ್ಕೆ ಕಾರಣ ಹೇಳಬೇಕು. ನನ್ನ ಅಪ್ಪನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ರಾಯಚೂರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಲೇಬೇಕು. ಪೋತ್ನಾಳದಿಂದ ಮಾನ್ವಿ, ಮಾನ್ವಿಯಿಂದ ರಾಯಚೂರು. ಹೋಗುವಾಗ ಹೇಗೋ ಬಸ್ಸು ಹತ್ತುತ್ತಿದ್ದ. ಬರುವಾಗ ಹಿಂಡಿದ ಬಟ್ಟೆಯಂತೆ ಆಗಿರುತ್ತಿದ್ದ. ಅದಕ್ಕೇ ಹಳೆಯ ಸಣ್ಣ ಕಾರೊಂದನ್ನು ಕೊಂಡೆ. ನಮ್ಮ ಓಣಿಗೆ ಬಂದ ಮೊದಲ ಕಾರು ಅದು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಎಮ್ಮೆಗಳನ್ನೂ ಟಂಟಂ ಆಟೋಗಳನ್ನೂ ಬೈದುಕೊಳ್ಳುತ್ತ ಓಡಿಸಲು ಕಲಿತೆ. ಅದೇ ರಸ್ತೆಗೆ ಅಪ್ಪ ತನ್ನ ಪ್ರಾಯದಲ್ಲಿ ರಸ್ತೆ ಕೆಲಸದ ಗ್ಯಾಂಗಿನವರ ಜೊತೆ ಡಾಂಬರು ಸುರಿದಿದ್ದ. ಮುಂದಿನ ಸೀಟಿನಲ್ಲಿ ಕುಳಿತು, “ಈ ತಿರುವಿನಾಗ ನಾ ಹಾಕಿದ ಡಾಂಬರ ಇನ್ನಾ ಅದ ನೋಡವ್ವ, ಮೆಲ್ಲಕ ಹೋಗು,” ಎಂದು ಪ್ರತಿ ಸಲ ಹೇಳುತ್ತಿದ್ದ. ಆ ಡಾಂಬರಿನ ಮೇಲೆ ಮತ್ತೆರಡು ಸಲ ಡಾಂಬರು ಬಿದ್ದಿತ್ತು; ನಾನು ಹೇಳಲಿಲ್ಲ.

ಕಾರು ಕೊಂಡ ಮೊದಲ ವರ್ಷ ರಾಯಚೂರಿನ ಒಂದು ದೊಡ್ಡ ಗ್ಯಾರೇಜಿಗೆ ಬಿಡುತ್ತಿದ್ದೆ. ತಂಪು ಕೋಣೆ, ಕುರ್ಚಿ, ಕೈಗೆ ಚಹಾ. ಗಾಜಿನ ಗೋಡೆಯಾಚೆ ಅವರು ಏನು ಮಾಡುತ್ತಾರೋ ದೇವರಿಗೇ ಗೊತ್ತು. ಒಮ್ಮೆ ಕ್ಲಚ್ ಪ್ಲೇಟು ಸುಟ್ಟಿದೆ ಎಂದು ಕರಿ ಹಿಡಿದ ಪ್ಲೇಟೊಂದನ್ನು ತಂದು ತೋರಿಸಿದರು, ಅಂಚು ಮುರಿದಿತ್ತು. ಹೊಸದು ಹಾಕಿಸಿದೆ. ಮುಂದಿನ ತಿಂಗಳು ನನ್ನ ಪಕ್ಕ ಕುಳಿತ ಬ್ಯಾಂಕಿನ ಹೆಣ್ಣುಮಗಳಿಗೆ ಅದೇ ಮುರಿದ ಅಂಚಿನ ಪ್ಲೇಟನ್ನು ತಂದು ತೋರಿಸಿದರು. ಆಮೇಲೆ ನಾನೂ ಜಾಣಳಾಗಲು ಹೊರಟು ಬ್ಯಾಟರಿಯ ತಳಕ್ಕೆ ಉಗುರಿನ ಬಣ್ಣದಿಂದ ಚುಕ್ಕೆ ಇಟ್ಟು ಕಾರು ಬಿಟ್ಟುಬಂದೆ. ವಾಪಸು ಬಂದಾಗ ಚುಕ್ಕೆ ಇಲ್ಲ, ಬ್ಯಾಟರಿಯನ್ನೇ ಬದಲಿಸಿದ್ದರು. ಕೇಳಿದರೆ, “ತೊಳದೀವಲ್ರೀ ಮೇಡಂ, ಅಳಸಿರಬೇಕು,” ಎಂದ ಅಲ್ಲಿನ ಮ್ಯಾನೇಜರು, ಕಣ್ಣು ಮಿಟುಕಿಸದೆ. ಹೆಣ್ಣುಮಗಳು, ಅದರಲ್ಲೂ ಪೋತ್ನಾಳದವಳು, ಏನು ಮಾಡಿಯಾಳು ಎಂಬ ಧೈರ್ಯ. ಆ ಬ್ಯಾಟರಿ ಅಪ್ಪ ಕಾರಿನಲ್ಲಿದ್ದಾಗಲೇ ಎರಡು ಸಲ ಸತ್ತಿತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ನಾನು ನೀರನ್ನೂ ಊದಿ ಕುಡಿಯುವ ಹಂತಕ್ಕೆ ಬಂದಿದ್ದೆ.

ಹೀಗೆ ಒಂದು ಮಂಗಳವಾರ, ಬೇರೆ ದಾರಿ ಕಾಣದೆ ಬಿಟ್ಟಿದ್ದ ಅದೇ ಗ್ಯಾರೇಜಿನಿಂದ ಕಾರು ಬಿಡಿಸಿಕೊಂಡು, ಡಯಾಲಿಸಿಸ್ ಮುಗಿಸಿದ ಅಪ್ಪನನ್ನು ಕೂರಿಸಿಕೊಂಡು ಬರುವಾಗ ಮಾನ್ವಿಯಲ್ಲಿ ಕಾರು ಬಿಕ್ಕಲು ಶುರುಮಾಡಿತು. ರಸ್ತೆ ಪಕ್ಕದ ಚಹಾ ಹೋಟೆಲಿನ ವೀರೇಶ ಎದುರಿನ ತಗಡಿನ ಶೆಡ್ಡಿಗೆ ಕೈ ತೋರಿಸಿದ. ಖಾಸಿಂಸಾಬರು ಸರಳು ಕಚ್ಚಿ ನಿಂತರು, ಕಣ್ಣು ತೆರೆದರು, ಕೈ ಹಾಕಿ ಏನೋ ಒಂದನ್ನು ಟಕ್ಕನೆ ಒತ್ತಿದರು. ಬಿಕ್ಕಳಿಕೆ ನಿಂತಿತು.

“ಪ್ಲಗ್ಗಿನ ಟೊಪ್ಪಿಗಿ ಪೂರಾ ಕುಂತಿದ್ದಿಲ್ರಿ. ಅಷ್ಟ,” ಎಂದರು.

“ಮತ್ತೇನ್ ಕೆಟ್ಟದ್ರಿ?”

“ಮತ್ತೇನಿಲ್ಲ.”

“ಖರೇನ ಏನಿಲ್ಲೇನ್ರಿ? ಜರಾ ಸರಿಯಾಗಿ ನೋಡ್ರಿ.”

ಅವರು ನನ್ನ ಮುಖವನ್ನೇ ನೋಡಿದರು. “ಏನಾರ ಕೆಟ್ಟಿರಬೇಕಂತ ನಿಮಗ್ಯಾಕ ಇಷ್ಟ್ ಆಸಿ ಅಕ್ಕೋರೇ? ಗಾಡಿ ಸುಳ್ಳು ಹೇಳಂಗಿಲ್ರಿ. ಗಾಡಿ ಹೆಸರ್ಲೆ ನಾವು ಹೇಳ್ತೀವಿ.”

ಅಪ್ಪ ಒಳಗೆ ಕುಳಿತವನು ಕಿಸಕ್ಕನೆ ನಕ್ಕ. ಆಸ್ಪತ್ರೆಯಿಂದ ಬರುವ ದಿನ ಅವನು ನಕ್ಕದ್ದು ಅದೇ ಮೊದಲು.

ಅಲ್ಲಿಂದ ಮೂರು ವರ್ಷ ನನ್ನ ಕಾರಿಗೆ ಬೇರೆ ಕೈ ತಾಗಲಿಲ್ಲ. ಅವರ ಹತ್ತಿರ ಎಲ್ಲದಕ್ಕಿಂತ ದೊಡ್ಡ ಸಲಕರಣೆ ಆ ಸರಳಲ್ಲ, ಒಂದು ಮಾತು. ‘ತಿಳೀವಲ್ದು’. ಗೊತ್ತಾಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್ಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಒಂದು ದಿನ ಬಿಳಿ ಅಂಗಿಯ ಗುತ್ತಿಗೆದಾರನೊಬ್ಬ ತನ್ನ ದೊಡ್ಡ ಗಾಡಿ ತಂದಿದ್ದ. ಇವರು ಎರಡು ಸಲ ಸರಳು ಊರಿ ನೋಡಿ, “ತಿಳೀವಲ್ದ್ರಿ,” ಎಂದುಬಿಟ್ಟರು.

“ನಿನ್ನ ಹೆಸರು ಕೇಳಿ ಬಂದೀನಿ. ಬಿಚ್ಚಿ ನೋಡು ಮಾರಾಯಾ,” ಎಂದ ಅವನು.

“ತಿಳೀಲಾರದ ಬಿಚ್ಚಿದ್ರ ನಿಮ್ಮ ಗಾಡಿಮ್ಯಾಲ ನಾ ಕಲತಂಗ ಆಗ್ತದ್ರಿ. ಅದು ಇಮಾನಲ್ಲ. ರಾಯಚೂರಿಗಿ ಒಯ್ರಿ.”

ಅವನು ಬೈದುಕೊಂಡು ಹೋದ. ಇವರಿಗೆ ಬೈಗುಳವೂ ಕೇಳಿಸಲಿಲ್ಲ, ಕೇಳಿಸಿದರೂ ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ. ನಾನು ಆ ಮಾತನ್ನು ನನ್ನ ಕ್ಲಾಸಿಗೆ ತೆಗೆದುಕೊಂಡು ಹೋದೆ. ಉತ್ತರ ಬರದಿದ್ದರೆ ಸುಮ್ಮನೆ ಬಾಯಿಗೆ ಬಂದದ್ದು ಹೇಳಬೇಡಿ, ತಿಳೀವಲ್ದು ಅನ್ನಿ, ಹೊಡೆಯುವುದಿಲ್ಲ ಎಂದೆ. ಎಂಟನೆಯ ತರಗತಿ ಇಡೀ ಎದ್ದು ನಿಂತು ತಿಳೀವಲ್ದು ಅಂದಿತು, ಅದು ಬೇರೆ ಮಾತು.

ಈಗ ಆ ಶುಕ್ರವಾರದ ವಿಷಯ. ಅದನ್ನು ಬರೆಯದೆ ಈ ಮನುಷ್ಯನ ಬಗ್ಗೆ ಬರೆಯಲು ನನಗೆ ಹಕ್ಕಿಲ್ಲ.

ಬಿಸಿಲುಗಾಲ. ಮಂಗಳವಾರ ಅಪ್ಪನಿಗೆ ಚಳಿಜ್ವರ ಬಂದು, ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿ ಕರೆತಂದಿದ್ದೆ. ಶುಕ್ರವಾರ ಬೆಳಗ್ಗೆ ಅವನ ಮುಖ ಊದಿ ಕಣ್ಣು ಸಣ್ಣವಾಗಿದ್ದವು, ಉಸಿರು ಎಳೆಯುತ್ತಿತ್ತು. ಪೋತ್ನಾಳ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ನಿನಿಂದ ಕಿರ್ರ್ ಎಂಬ ಸಪ್ಪಳ. ನನ್ನ ತಲೆ ಮೊಸರು ಗಡಿಗೆಯಾಯಿತು. ಮಾನ್ವಿಯಲ್ಲಿ ಶೆಡ್ಡಿನ ಮುಂದೆ ನಿಲ್ಲಿಸಿದೆ. ಖಾಸಿಂಸಾಬರು ಮೂಗಿನ ತನಕ ದಸ್ತಿ ಕಟ್ಟಿಕೊಂಡು ಕುಳಿತಿದ್ದರು. ಧೂಳಿಗೆ ಇರಬೇಕು ಎಂದುಕೊಂಡೆ. ಸಪ್ಪಳ ಹೇಗೆ ಬರುತ್ತದೆಂದು ಹೇಳಿದೆ. ಅವರು ಏಳಲು ಅನುಮಾನಿಸಿದರು. ಕೈ ಅಡ್ಡ ಆಡಿಸಿ ಏನೋ ಹೇಳಲು ಹೊರಟರು. ನಾನು ಬಿಡಲಿಲ್ಲ.

“ಖಾಸಿಂಸಾಬ್ರ, ಕೈ ಮುಗೀತೀನಿ, ಲಗೂನ ನೋಡ್ರಿ. ಇವತ್ತೊಂದಿನ ಮಾತ್ರ ತಿಳೀವಲ್ದು ಅನ್ನಬ್ಯಾಡ್ರಿ. ಅಲ್ಲಿ ನೋಡ್ರಿ ನಮ್ಮಪ್ಪನ್ನ.”

ಅವರು ಅಪ್ಪನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು ನಮಗೆ ಬೆನ್ನು ಮಾಡಿ ಬಾನೆಟ್ಟಿನೊಳಗೆ ಬಾಗಿದರು. ಸ್ಪಾನರಿನಿಂದ ಏನೋ ತಿರುಗಿಸಿದರು. ಸಪ್ಪಳ ಕಡಿಮೆಯಾಯಿತು.

“ಬೆಲ್ಟ್ ಸಡ್ಲಿತ್ತು, ಬಿಗಿ ಮಾಡೀನಿ,” ಎಂದರು ದಸ್ತಿಯೊಳಗಿನಿಂದ. “ನಡೀರಿ ಅಕ್ಕೋರೇ. ಅಪ್ಪಾರಿಗಿ ತ್ರಾಸ ಆಗಾಕತ್ತದ.”

ಕಲ್ಲೂರು ದಾಟಿದ ಮೇಲೆ ಒಂದು ದೊಡ್ಡ ಸಪ್ಪಳವಾಗಿ ಕಾರು ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಬೆಲ್ಟು ಹರಿದಿತ್ತು. ಅಪ್ಪನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ರಸ್ತೆಯಲ್ಲಿ ನಿಂತು ಕೈ ಮಾಡಿದೆ. ಬಸ್ಸುಗಳು ತುಂಬಿ ಬಂದು ತುಂಬಿಯೇ ಹೋದವು. ಕೊನೆಗೆ ಮೆಣಸಿನಕಾಯಿ ಚೀಲ ಇಳಿಸಿ ಬರುತ್ತಿದ್ದ ಒಂದು ಟೆಂಪೋದವನು ನಿಲ್ಲಿಸಿದ. ಖಾಲಿ ಚೀಲಗಳ ಮೇಲೆ ಅಪ್ಪನನ್ನು ಮಲಗಿಸಿಕೊಂಡು, ಅವನು ಘಾಟಿಗೆ ಕೆಮ್ಮುವುದನ್ನು ನೋಡುತ್ತ ರಾಯಚೂರು ಮುಟ್ಟಿದೆ. ನಮ್ಮ ಸರದಿ ಮುಗಿದು ಬೇರೆಯವರು ಮಂಚ ಹತ್ತಿದ್ದರು. ಅವರನ್ನು ನಡುವೆ ಎಬ್ಬಿಸುವಂತಿಲ್ಲ. ಅವರದು ಮುಗಿಯುವಷ್ಟರಲ್ಲಿ ಅಪ್ಪನ ಎದೆಯಲ್ಲಿ ನೀರು ತುಂಬಿತು. ಐದು ದಿನ ಐಸಿಯುವಿನ ಗಾಜಿನ ಬಾಗಿಲಾಚೆ ಮಲಗಿದ್ದ. ಉಳಿದ. ಆದರೆ ಆಮೇಲೆ ಯಾರಾದರೂ ರಟ್ಟೆ ಹಿಡಿಯದೆ ಅವನು ಎದ್ದು ನಿಲ್ಲಲಿಲ್ಲ.

ಕಾರನ್ನು ಎಳೆಸಿಕೊಂಡು ಹೋದ ರಾಯಚೂರಿನ ಮೆಕ್ಯಾನಿಕ್ ಹೇಳಿದ: “ಬೆಲ್ಟಿಂದಲ್ರಿ ಮೇಡಂ, ನೀರಿನ ಪಂಪಿನ ಬೇರಿಂಗ್ ಹೋಗಿತ್ತು. ಬೆಲ್ಟ್ ಬಿಗಿ ಮಾಡಿ ಮತ್ತಿಷ್ಟ್ ಕೆಡಿಸ್ಯಾರ. ಕುರುಡಗೂ ತಿಳೀತಿತ್ತು ಇದು.”

ಅಷ್ಟು ಸಾಕಾಯಿತು ನನಗೆ. ಇನ್ನೊಬ್ಬರ ವಿಷಯದಲ್ಲಾಗಿದ್ದರೆ ನಿಂತು ಯೋಚಿಸುತ್ತಿದ್ದೆನೋ ಏನೋ. ನಂಬಿದವನು ಕೈಬಿಟ್ಟಾಗ ಬರುವ ಸಿಟ್ಟಿಗೆ ಕಣ್ಣಿರುವುದಿಲ್ಲ. ಅಪ್ಪನನ್ನು ಮನೆಗೆ ಕರೆತಂದ ಮರುದಿನವೇ ಮಾನ್ವಿಗೆ ಹೋದೆ. ಸಂತೆಯ ದಿನ, ವೀರೇಶನ ಹೋಟೆಲಿನ ಮುಂದೆ ಜನ ಕಿಕ್ಕಿರಿದಿದ್ದರು. ಖಾಸಿಂಸಾಬರ ಎದುರು, ತುಟಿ ಕಾಣುವಂತೆ ನಿಂತೆ. ಅವರಿಗೆ ಒಂದಕ್ಷರವೂ ತಪ್ಪಿಹೋಗಬಾರದೆಂದು ಇಡೀ ರಸ್ತೆಗೆ ಕೇಳುವಂತೆ ಕೂಗಿದೆ.

“ನೀವೂ ಕಳ್ಳರೇ. ಆ ರಾಯಚೂರಿನೋರಿಗೂ ನಿಮಗೂ ಏನ್ ಫರಕ್ ಅದ? ಅವರು ತಂಪು ಖೋಲ್ಯಾಗ ಕುಂದ್ರಿಸಿ ಸುಳ್ಳು ಹೇಳ್ತಾರ, ನೀವು ಇಮಾನಿನ ಹೆಸರ್ಲೆ ಹೇಳ್ತೀರಿ. ನಮ್ಮಪ್ಪ ಸತ್ತಿದ್ರ ಏನ್ ಮಾಡ್ತಿದ್ರಿ?”

ಅವರು ದಸ್ತಿಯ ಮೇಲೆ ಅಂಗೈ ಒತ್ತಿಕೊಂಡು ನಿಂತರು. ಬಾಯಿ ಬಿಡಲಿಲ್ಲ. ಕಣ್ಣು ನನ್ನ ತುಟಿಯ ಮೇಲೇ ಇದ್ದವು, ಎಲ್ಲವನ್ನೂ ಓದಿಕೊಂಡವು. ತಪ್ಪು ಮಾಡಿದವನು ಹೀಗೇ ಬಾಯಿ ಮುಚ್ಚುತ್ತಾನೆ ಎಂದುಕೊಂಡು ಕಾರು ತಿರುಗಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವ ಬದುಕಿದ್ದಾಗ ನಾನು ಅವಳ ಮಾತು ಕೇಳಿದವಳಲ್ಲ.

ನಮ್ಮ ಕಡೆ ಶಾಲೆಯ ಅಕ್ಕೋರ ಮಾತಿಗೆ ತೂಕ ಜಾಸ್ತಿ. ಅಕ್ಕೋರಿಗೇ ಮೋಸ ಮಾಡಿದನಂತೆ ಎಂಬ ಸುದ್ದಿ ಒಂದೇ ವಾರದಲ್ಲಿ ನನ್ನ ಸ್ಟಾಫ್ ರೂಮಿಗೂ ಬಂತು. ನನಗೆ ಬೇಜಾರೇನೂ ಆಗಲಿಲ್ಲ. ಇಷ್ಟಾದರೂ ಆಗಬೇಕಿತ್ತು ಎನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ಹಾಗೇ ಅನಿಸಿತ್ತು.

ಎರಡು ತಿಂಗಳ ನಂತರ ಒಂದು ಮಂಗಳವಾರ, ರಾಯಚೂರಿನಿಂದ ಬರುವಾಗ ಅಪ್ಪನಿಗೆ ಬಾಯಿ ಒಣಗಿ, ವೀರೇಶನ ಹೋಟೆಲಿನ ಮುಂದೆ ನಿಲ್ಲಿಸಿದೆ. ಎದುರಿನ ಶೆಡ್ಡಿಗೆ ಬೀಗ ಬಿದ್ದಿತ್ತು.

“ಎಲ್ಲಿಗಿ ಹೋದ್ರು ನಿಮ್ಮ ಇಮಾನಿನ ಸಾಹೇಬ್ರು?” ಎಂದು ಚುಚ್ಚಿ ಕೇಳಿದೆ.

ವೀರೇಶ ಲೋಟ ತೊಳೆಯುವುದನ್ನು ನಿಲ್ಲಿಸಿದ. “ದೇವದುರ್ಗಕ್ಕ, ಮಗಳ ಮನಿಗಿ. ಹಲ್ಲು ಹೋದಮ್ಯಾಲ ಇಲ್ಲೇನ್ ಮಾಡ್ತಾರ್ರಿ?”

“ಯಾವ ಹಲ್ಲು?”

“ನಿಮಗ ಗೊತ್ತಿಲ್ಲೇನ್ರಿ? ಇಷ್ಟ್ ವರ್ಷ ಆ ಕಬ್ಬಿಣ ಕಚ್ಚಿ ಕಚ್ಚಿ ಸಡಲಾಗಿದ್ವು. ನಿಮ್ಮ ಜಗಳಕ್ಕಿಂತ ಹದಿನೈದು ದಿನ ಮೊದ್ಲ ಮುಂದಿನವು ನಾಕೂ ಬಿದ್ದುಬಿಟ್ವು. ದಸ್ತಿ ಕಟಗೊಂಡಿರ್ತಿದ್ರಲ್ಲ. ಸರಳು ಹಿಡಿಯಾಕ ಬರ್ತಿದ್ದಿಲ್ಲ, ಏನೂ ಕೇಳ್ಸತಿದ್ದಿಲ್ಲ. ಬಂದೋರಿಗೆಲ್ಲ ತಿಳೀವಲ್ದು, ತಿಳೀವಲ್ದು ಅಂತ ಹೇಳಿ ಕಳಸ್ತಿದ್ರು. ಹದಿನೈದು ದಿನದಾಗ ಅವರು ಕೈ ಹಚ್ಚಿದ್ದು ನಿಮ್ಮ ಗಾಡಿಗಿ ಒಂದಕ್ಕ.”

ನಾನು ಚಹಾದ ಲೋಟ ಹಿಡಿದುಕೊಂಡು ಕಾರಿನಲ್ಲಿ ಬಂದು ಕುಳಿತೆ. ಕಿಟಕಿ ತೆರೆದಿತ್ತು, ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ಮಾನ್ವಿ ದಾಟಿದ ಮೇಲೆ ಹೇಳಿದ.

“ತಿಳೀವಲ್ದು ಅನ್ನಬ್ಯಾಡ್ರಿ ಅಂದಾಕಿ ನೀನೇ ಅಲ್ಲೇನವ್ವ. ಅಂವ ಅನ್ಲಿಲ್ಲ.”

ಅವರ ಬಾಯಿಂದ ಆ ಮಾತು ಬರದಂತೆ ತಡೆದವಳು ನಾನೇ ಎಂಬುದು ಅವತ್ತಿನಿಂದ ಎರಡು ತಿಂಗಳೂ ಅವನಿಗೆ ಗೊತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿನ್ನ ಸಿಟ್ಟಿನ ಮುಂದೆ ಯಾರು ಮಾತಾಡಬೇಕು ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಆ ವಾರವೇ ದೇವದುರ್ಗಕ್ಕೆ ಹೋದೆ. ಖಾಸಿಂಸಾಬರ ಮಗಳು ಶಹನಾಜ್ ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಕುಪ್ಪಸದ ಅಳತೆ ಕೊಡಲು ಬಂದ ನಾಲ್ಕು ಹೆಂಗಸರು ಕುಳಿತಿದ್ದರು. ಖಾಸಿಂಸಾಬರು ಮೂಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅದೊಂದು ಬೇಡವಾಗಿತ್ತು, ಬೈದಿದ್ದರೆ ಹಗುರಾಗುತ್ತಿದ್ದೆ. ಹೊಸ ಹಲ್ಲಿನ ಸೆಟ್ಟು ಹಾಕಿಸಿದ್ದಳು ಮಗಳು. ನಕ್ಕಾಗ ಬೇರೆ ಯಾರದೋ ನಗುವಿನಂತೆ ಕಂಡಿತು.

“ಕಟ್ಟಿಸಿದ ಹಲ್ಲು ರೊಟ್ಟಿ ತಿಂತಾವ್ರಿ ಅಕ್ಕೋರೇ. ಸಪ್ಪಳ ಕೇಳಂಗಿಲ್ಲ,” ಎಂದರು. “ಅಪ್ಪಾರು ಹ್ಯಾಂಗದಾರ?”

ಅದಾರ ಎಂದು ತಲೆ ಆಡಿಸಿದೆ. ಶಹನಾಜ್ ಚಹಾ ತಂದುಕೊಟ್ಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತನ್ನು ಲೋಟ ನೋಡುತ್ತ, ಆ ಹೆಂಗಸರಿಗೆ ಕೇಳದಂತೆ, ಮೆಲ್ಲಗೆ ಹೇಳಿದೆ: “ತಪ್ಪಾತ್ರಿ. ಸುಳ್ಳು ಹೇಳಸಿದಾಕಿ ನಾನು. ಕಳ್ಳ ಅಂದಾಕಿನೂ ನಾನು.”

ಅವರು ಮುಂದಕ್ಕೆ ಬಾಗಿದರು. “ತಿಳೀವಲ್ದು ಅಕ್ಕೋರೇ. ಜರಾ ಜೋರಾಗಿ ಹೇಳ್ರಿ.”

ನಾಲ್ವರು ಹೆಂಗಸರೂ ತಲೆ ಎತ್ತಿ ನನ್ನನ್ನೇ ನೋಡಿದರು. ಹೊಲಿಗೆ ಯಂತ್ರವೂ ನಿಂತಿತು. ಸಂತೆಯ ದಿನ ಇಡೀ ಮಾನ್ವಿಗೆ ಕೇಳುವಂತೆ ಕಳ್ಳ ಎಂದು ಕೂಗಿದವಳಿಗೆ, ಒಂದು ಪಡಸಾಲೆಯಲ್ಲಿ ತಪ್ಪಾಯಿತು ಎನ್ನಲು ದನಿ ಏಳಲಿಲ್ಲ.

“ಚಹಾ ಭಾಳ ಚಲೋ ಆಗ್ಯಾದ ಅಂದೆ,” ಎಂದೆ ಜೋರಾಗಿ.

“ಶಹನಾಜ್ ಮಾಡ್ಯಾಳ್ರಿ,” ಎಂದು ನಕ್ಕರು. ಚಹಾ ಮುಗಿಸಿ ಎದ್ದೆ. ಬಾಗಿಲ ತನಕ ಬಂದವರು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತರು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಕೈ ತೆಗೆದು, ಹೋಗಿ ಬರ್ರಿ ಎಂದರು.

ಮುಂದಿನ ಭಾನುವಾರ ಹೋಗೋಣ ಎಂದುಕೊಂಡೆ. ಭಾನುವಾರಗಳು ಬಂದವು, ಒಮ್ಮೆ ಅಪ್ಪನಿಗೆ ಹುಷಾರಿರಲಿಲ್ಲ, ಒಮ್ಮೆ ಪರೀಕ್ಷೆಯ ಪೇಪರು, ಒಮ್ಮೆ ಸುಮ್ಮನೆ ಧೈರ್ಯ ಬರಲಿಲ್ಲ. ಕೊನೆಗೆ ಹೋದ ದಿನ ಪಡಸಾಲೆಯ ಹೊರಸು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅದನ್ನು ನೋಡಿ ಹೊಸ್ತಿಲಲ್ಲೇ ನಿಂತೆ.

“ಹೋಗಿ ಹನ್ನೊಂದ್ ದಿನ ಆತ್ರಿ,” ಎಂದಳು ಶಹನಾಜ್. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಕಣ್ಣು ಒರೆಸಿಕೊಂಡು ಅವಳೇ ಮತ್ತೆ ಹೇಳಿದಳು. “ಅವತ್ತು ನೀವು ಹೋದಮ್ಯಾಲ ಅಬ್ಬಾ ಕೇಳಿದ್ರು, ಅಕ್ಕೋರು ಏನ್ ಅಂದ್ರು ಅಂತ. ಚಹಾ ಚಲೋ ಅದ ಅಂದ್ರು ಅಂದೆ. ಅಲ್ಲ, ಅದಕ್ಕ ಮೊದ್ಲ ಏನೋ ಅಂದ್ರು, ಅವರ ತುಟಿ ಚಹಾ ಅನ್ಲಿಲ್ಲ ಅಂದ್ರು ಅಬ್ಬಾ. ಮತ್ತ ಮತ್ತ ಕೇಳ್ತಿದ್ರು ರೀ. ನನಗೂ ಕೇಳ್ಸಿಲ್ಲ ಅಬ್ಬಾ ಅಂದೆ. ಏನ್ ಅಂದಿದ್ರಿ ಅಕ್ಕೋರೇ?”

ಹೇಳಿದೆ. ಎದುರು ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಹೇಳಿದೆ.